ಸುತ್ತ ಕಡಲು, ಗಂಟಲು ಮಾತ್ರ ಒಣ: ಸ್ಕೂಬಾಕ್ಕೆ ಹೋಗುವ ಮುಂಚೆ ಓದಿ

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ದಾವಣಗೆರೆಯ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೇತ್ರಾಣಿ ದ್ವೀಪದ ಮಾತು ಶುರು. ಶುಕ್ರವಾರ ರಾತ್ರಿ ಹೊರಟು, ಶಿವಮೊಗ್ಗ, ಸಾಗರ ದಾಟಿ, ಬೆಳಿಗ್ಗೆ ಮುರುಡೇಶ್ವರ. ಅಲ್ಲಿಂದ ದ್ವೀಪಕ್ಕೆ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ಹೋಗಿ ಬಂದವರು ಮೀನಿನ ಫೋಟೊ ತೋರಿಸುತ್ತಾರೆ, ಜೊತೆಗೆ ಒಂದು ದೂರು ಹೇಳುತ್ತಾರೆ: "ಅಷ್ಟು ನೀರಿನ ಮಧ್ಯೆ ಗಂಟಲು ಒಣಗಿ ಹೋಗಿತ್ತು ಕಣೋ."

ಕಾರಣ ಸ್ಕೂಬಾ ಡೈವಿಂಗ್‌ಗೆ, ಅಂದರೆ ನೀರೊಳಗೆ ಮುಳುಗಿ ಉಸಿರಾಡುತ್ತ ಈಜಲು, ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿದೆ. ಅದರಲ್ಲಿರುವುದು ಬರೀ ಆಮ್ಲಜನಕ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಸಾಮಾನ್ಯವಾಗಿ ಇರುವುದು ಮಾಮೂಲಿ ಗಾಳಿಯೇ. ಆದರೆ ಸುಮಾರು 200 ಬಾರ್ ಒತ್ತಡಕ್ಕೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ 200 ಪಟ್ಟಿಗೆ, ತುಂಬುವಾಗ ಅದರ ತೇವವನ್ನೆಲ್ಲ ತೆಗೆದುಬಿಡುತ್ತಾರೆ. ತೇವ ಉಳಿದರೆ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ. ಇನ್ನು ಮೂಗು ಮಾಸ್ಕಿನೊಳಗೆ ಬಂದ್. ಗಾಳಿಗೆ ತೇವ ಸೇರಿಸುವ ಅದರ ಕೆಲಸ ಬಾಯಿ, ಗಂಟಲಿನ ತಲೆಗೆ ಬರುತ್ತದೆ. ಒಂದೊಂದು ಉಸಿರೂ ಅಲ್ಲಿಯ ಪಸೆ ಹೀರಿಕೊಂಡು ಹೋಗುತ್ತದೆ. ಚಿತ್ರದುರ್ಗದ ಗಾಳಿಗೆ ಹರವಿದ ಒದ್ದೆ ಪಂಚೆಯ ಕಥೆಯೇ.

ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಕಡಿಮೆ ಮಾಡಬಹುದು. ಆ ಕೆಲಸ ಶುರುವಾಗುವುದು ಕಡಲಲ್ಲಲ್ಲ, ಊರಲ್ಲೇ.

ಹೊರಡುವ ಮುಂಚೆ

ಮನೆಯಲ್ಲಿ ಕುರ್ಚಿ ಮೇಲೆ ಕೂತು ಮೂಗು ಹಿಡಿದುಕೊಳ್ಳಿ. ಎರಡು ನಿಮಿಷ ಬಾಯಲ್ಲೇ ಉಸಿರಾಡಿ. ಗಂಟಲಿನ ಹಿಂಭಾಗಕ್ಕೆ ತಣ್ಣಗೆ ಗಾಳಿ ಹೊಡೆಯುವುದು ಗೊತ್ತಾಗುತ್ತದೆ, ಅಲ್ವಾ? ಈಗ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನ ಒಸಡಿಗೆ ತಾಗಿಸಿ ಉಸಿರಾಡಿ. ಗಾಳಿ ನೇರ ಗಂಟಲಿಗೆ ಹೊಡೆಯುವ ಬದಲು ನಾಲಿಗೆಯನ್ನು ಬಳಸಿಕೊಂಡು ಹೋಗುತ್ತದೆ, ಹೋಗುವಾಗಲೇ ಸ್ವಲ್ಪ ತೇವ ಹಿಡಿಯುತ್ತದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಒಂದು ವಾರ ದಿನಾ ಐದು ನಿಮಿಷ ಮಾಡಿದರೆ ನೀರಿನೊಳಗೆ ನೆನಪು ಮಾಡಿಕೊಳ್ಳುವ ಕೆಲಸವೇ ಇರುವುದಿಲ್ಲ.

ದಾರಿಯಲ್ಲಿ

ಎಡವಟ್ಟಾಗುವುದು ಜಾಸ್ತಿ ಇಲ್ಲೇ. ಹೊರಡುವ ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ನಮ್ಮೂರಿನವರಿಗೆ ಪ್ರಯಾಣವೇ ಅಲ್ಲ. ಉಪ್ಪು, ಖಾರ, ಎಣ್ಣೆ ಮೂರೂ ಸೇರಿ ರಾತ್ರಿಯೆಲ್ಲ ಬಾಯಾರಿಕೆ. ಆದರೆ ಬಸ್ಸು ಎಲ್ಲಿ ನಿಲ್ಲುತ್ತದೋ ಏನೋ ಅಂತ ಯಾರೂ ನೀರು ಕುಡಿಯುವುದಿಲ್ಲ. ಹೆಣ್ಣುಮಕ್ಕಳಂತೂ ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ ಅಂತ ಬೆಳಿಗ್ಗೆಯೂ ಬಾಯಿ ಕಟ್ಟುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬುಕ್ ಮಾಡುವಾಗಲೇ ಶೌಚಾಲಯದ ವ್ಯವಸ್ಥೆ ಏನು ಅಂತ ಮುಲಾಜಿಲ್ಲದೆ ಕೇಳಿ.

ನೀರನ್ನು ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಬನ್ನಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕಷ್ಟು ಕುಡಿದಿದ್ದೀರಿ ಎಂದರ್ಥ. ದೋಣಿ ಹತ್ತುವಾಗ ಒಂದೇ ಸಲ ಬಾಟಲಿ ಖಾಲಿ ಮಾಡಿದರೆ ಹೊಟ್ಟೆ ತೊಳಸುತ್ತದೆ, ಅಷ್ಟೇ. ನೀರಿಗಿಳಿದ ಮೇಲೆ ಮೂತ್ರ ಒತ್ತರಿಸುವುದೂ ಸಹಜ. ಕೈಕಾಲಿನ ರಕ್ತ ಎದೆಯ ಕಡೆ ಸರಿಯುವುದರಿಂದ ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ದೇಹಕ್ಕೆ ಅನಿಸುತ್ತದೆ. ಹಿಂದಿನ ರಾತ್ರಿ ಗುಂಡು ಬೇಡವೇ ಬೇಡ. ಗಂಟಲು ಒಣಗುವುದು ಅದರಲ್ಲಿ ಸಣ್ಣ ತೊಂದರೆ. ಮೈಯಲ್ಲಿ ನೀರು ಕಡಿಮೆಯಾದರೆ ಡೈವಿಂಗ್‌ನಿಂದ ಬರುವ ಕಾಯಿಲೆಯ (ಮೇಲೆ ಬರುವಾಗ ಒತ್ತಡ ಇಳಿದು ಮೈಯೊಳಗೆ ಗಾಳಿಗುಳ್ಳೆ ಏಳುವುದು) ಅಪಾಯವೂ ಹೆಚ್ಚಬಹುದು.

ಇನ್ನೊಂದು ಕಳ್ಳ ಇದೆ: ವಾಂತಿ ಬಾರದಿರಲಿ ಅಂತ ನುಂಗುವ ಮಾತ್ರೆ. ನೆಗಡಿಯ ಕೆಲವು ಮಾತ್ರೆಗಳೂ ಅಷ್ಟೇ. ಬಾಯಿ ಒಣಗಿಸುತ್ತವೆ, ಕೆಲವು ಮಂಪರನ್ನೂ ತರುತ್ತವೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ತೆಗೆದುಕೊಂಡದ್ದನ್ನು ತರಬೇತುದಾರರಿಗೂ ಹೇಳಿ. ನೆಗಡಿ ಇದ್ದರೆ ಡೈವಿಂಗೇ ಬೇಡ.

ನೀರಿನೊಳಗೆ

ಇಳಿಯುವ ಮುಂಚೆ ಬಾಯಿ ಮುಕ್ಕಳಿಸಿ, ಎರಡು ಗುಟುಕು ನೀರು ಕುಡಿಯಿರಿ. ಬಾಯಲ್ಲಿ ಏನೂ ಇರಬಾರದು. ಚೂಯಿಂಗ್ ಗಮ್, ಪೆಪ್ಪರ್‌ಮೆಂಟು ಇಟ್ಟುಕೊಂಡರೆ ಜೊಲ್ಲು ಬರುತ್ತದೆ ಅನ್ನುವವರಿದ್ದಾರೆ. ಗಂಟಲಿಗೆ ಸಿಕ್ಕಿಕೊಂಡರೆ ಅಲ್ಲಿ ಬೆನ್ನು ತಟ್ಟುವವರು ಯಾರು? ಚನ್ನಗಿರಿ ಕಡೆಯವರೇ, ಅಡಿಕೆಯನ್ನೂ ದೋಣಿಯಲ್ಲೇ ಉಗಿದು ಇಳಿಯಿರಿ. ಸಿಲಿಂಡರಿನ ಗಾಳಿಯನ್ನು ಮೇಲೆಯೇ ಒಂದೆರಡು ಸಲ ಎಳೆದು ನೋಡಿ. ಎಣ್ಣೆಯ ವಾಸನೆ ಬಂದರೆ ಅದು ಬರೀ ಒಣ ಗಾಳಿಯ ತೊಂದರೆಯಲ್ಲ. ಬೇರೆ ಸಿಲಿಂಡರ್ ಕೇಳಿ.

ಸಿಲಿಂಡರಿನ ಗಾಳಿ ಎಳೆಯಲು ಬಾಯಲ್ಲಿಟ್ಟುಕೊಳ್ಳುವ ಮೌತ್‌ಪೀಸಿನ ಒಳಗಡೆ ಹಲ್ಲಿಗೆ ಸಿಗುವ ಎರಡು ರಬ್ಬರ್ ತುಂಡುಗಳಿವೆ. ಭಯದಲ್ಲಿ ಅವನ್ನು ಕಚ್ಚಿ ಹಿಡಿಯುವವರೇ ಹೆಚ್ಚು. ದವಡೆ ನೋಯುತ್ತದೆ, ನುಂಗುವುದಕ್ಕೂ ಆಗುವುದಿಲ್ಲ. ಹಲ್ಲಿನಿಂದ ಮೆತ್ತಗೆ ಹಿಡಿಯಿರಿ, ತುಟಿಯಿಂದ ಬಿಗಿಯಾಗಿ ಮುಚ್ಚಿ. ಆಮೇಲೆ ಊರಲ್ಲಿ ರೂಢಿ ಮಾಡಿಕೊಂಡ ಉಸಿರಾಟ, ನಾಲಿಗೆ ಮೇಲಕ್ಕೆ. ಗಾಬರಿಯಲ್ಲಿ ಬುಸುಬುಸು ಎಳೆದಷ್ಟೂ ಒಣ ಗಾಳಿ ಜಾಸ್ತಿ ಒಳಗೆ ಹೋಗುತ್ತದೆ. ಆದರೆ ಗಾಳಿ ಉಳಿಸುತ್ತೇನೆ ಅಂತ ಉಸಿರು ಹಿಡಿಯುವುದು ಮಾತ್ರ ಯಾವತ್ತೂ ಬೇಡ.

ಒಣಗಿತು ಅನಿಸಿದರೆ ನಾಲಿಗೆಯನ್ನು ಕೆನ್ನೆಯ ಒಳಭಾಗಕ್ಕೆ ಉಜ್ಜಿ. ಜೊಲ್ಲು ಊರುತ್ತದೆ, ನುಂಗಿ. ಮೂಗು ಹಿಡಿದು ನುಂಗಿದರೆ ಕಿವಿಯ ಒತ್ತಡವೂ ಸಡಿಲವಾಗುತ್ತದೆ.

ಕೆಮ್ಮು ಬಂದರೆ ಮೌತ್‌ಪೀಸ್ ತೆಗೆಯಬೇಡಿ. ಕೈಯಲ್ಲಿ ಒತ್ತಿ ಹಿಡಿದು ಅದರೊಳಗೇ ಕೆಮ್ಮಿ, ಗಾಳಿ ಪಕ್ಕದಿಂದ ಹೊರಗೆ ಹೋಗುತ್ತದೆ. ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಅತ್ತಿತ್ತ ಆಡಿಸಿದರೆ "ತೊಂದರೆ ಇದೆ" ಅಂತ ತರಬೇತುದಾರರಿಗೆ ತಿಳಿಯುತ್ತದೆ. ಅವರನ್ನು ಬಿಟ್ಟು ಸರ್ರನೆ ಮೇಲಕ್ಕೆ ಹಾರಬೇಡಿ.

ಪದೇ ಪದೇ ಡೈವಿಂಗ್ ಮಾಡುವವರಿಗೆ ಬಿಡುವ ಉಸಿರಿನ ತೇವ ಹಿಡಿದಿಟ್ಟುಕೊಳ್ಳುವ ಮೌತ್‌ಪೀಸುಗಳೂ ಸಿಗುತ್ತವೆ. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ದಂಡದ ಖರ್ಚು.

ಮೇಲೆ ಬಂದ ಮೇಲೆ

ನೀರೋ ಎಳನೀರೋ ಕುಡಿಯಿರಿ. ಗಂಟಲು ಬೇಗ ಸರಿಹೋಗುತ್ತದೆ. ಎದೆನೋವು, ಉಸಿರಾಟಕ್ಕೆ ಕಷ್ಟ, ಕೀಲುನೋವು, ಕೈಕಾಲು ಜೋಮು ಹಿಡಿಯುವುದು, ಇವು ಒಣ ಗಂಟಲಿನ ಲಕ್ಷಣಗಳಲ್ಲ. ಗೇರುಸೊಪ್ಪೆ ಘಟ್ಟ ಹತ್ತುವ ಮೊದಲೇ, ಕರಾವಳಿಯಲ್ಲೇ ಆಸ್ಪತ್ರೆಗೆ ಹೋಗಿ. ಡೈವಿಂಗ್ ಮಾಡಿ ಎಷ್ಟು ಹೊತ್ತಾಯಿತು ಅನ್ನುವುದನ್ನು ವೈದ್ಯರಿಗೆ ಮೊದಲು ಹೇಳಿ.