ಡಿಕ್ಕಿ ಹೊಡೆಯುವ ಗ್ಯಾಲಕ್ಸಿಗಳ ಫೋಟೊ: ಬಾಲ ಕಾಣುವವರೆಗೆ ಬಿಡಬೇಡಿ

ಹಸ್ತಾ ನಕ್ಷತ್ರದ ಹೆಸರನ್ನು ಪಂಚಾಂಗದಲ್ಲಿ ಓದಿರುತ್ತೀರಿ. ಆಕಾಶದಲ್ಲಿ ಹುಡುಕಿದ್ದೀರಾ? ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ನಡುರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅರ್ಧ ಆಕಾಶಕ್ಕಿಂತ ಸ್ವಲ್ಪ ಮೇಲೆ ನಾಲ್ಕು ನಕ್ಷತ್ರಗಳ ಸೊಟ್ಟ ಚೌಕ ಕಾಣುತ್ತದೆ. ಅದರ ಮೇಲಿನ ಬಲಮೂಲೆಯ ನಕ್ಷತ್ರದಿಂದ ಬಲಕ್ಕೆ, ತುಸು ಕೆಳಕ್ಕೆ ಬನ್ನಿ. ಕೈ ಚಾಚಿ ಹಿಡಿದರೆ ಎರಡು ಬೆರಳಿನ ಅಗಲ, ಅಷ್ಟೇ ದೂರ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಆದರೆ ಎರಡು ಗ್ಯಾಲಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆರೆತುಹೋಗುತ್ತಿರುವುದು ಅಲ್ಲೇ.

ಇವೇ ಆಂಟೆನೆ ಗ್ಯಾಲಕ್ಸಿಗಳು, ಅಂದರೆ ಎನ್‌ಜಿಸಿ ಎಂಬ ಆಕಾಶಕಾಯಗಳ ಪಟ್ಟಿಯಲ್ಲಿ 4038 ಮತ್ತು 4039. ಖಗೋಳಜ್ಞ ವಿಲಿಯಂ ಹರ್ಷೆಲ್ ಇವನ್ನು 1785ರಲ್ಲಿ ಕಂಡರು. ದೂರ ಸುಮಾರು 6.5ರಿಂದ 7 ಕೋಟಿ ಜ್ಯೋತಿರ್ವರ್ಷ. ಡಿಕ್ಕಿ ಅಂದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರಾ ಅಪರೂಪ, ನಡುವೆ ಅಷ್ಟು ಖಾಲಿ ಜಾಗ ಇದೆ. ತಾಗುವುದು ಅನಿಲದ ಮೋಡಗಳು. ಅವು ಒತ್ತಿಕೊಂಡ ಕಡೆಯಲ್ಲೆಲ್ಲ ಹೊಸ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುತ್ತವೆ. ಫೋಟೊದಲ್ಲಿ ನೀಲಿ ಮತ್ತು ಗುಲಾಬಿ ಚುಕ್ಕೆಗಳಾಗಿ ಕಾಣುವುದು ಅವೇ. ಗುರುತ್ವದ ಎಳೆತಕ್ಕೆ ಸಿಕ್ಕು ಹೊರಗೆ ಚಿಮ್ಮಿದ ನಕ್ಷತ್ರಗಳು ಎರಡು ಉದ್ದ ಬಾಲಗಳಾಗಿ ಹರಡಿಕೊಂಡಿವೆ. ಇಂಥ ಬಾಲಗಳು ಬರೀ ಗುರುತ್ವದಿಂದಲೇ ಆಗಬಲ್ಲವು ಅಂತ ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು 1972ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿಕೊಟ್ಟರು.

ನನ್ನ ಮಟ್ಟಿಗೆ ಫೋಟೊದ ಜೀವ ಇರುವುದು ಆ ಬಾಲದಲ್ಲೇ. ನಡುವಿನ ಹೊಳೆಯುವ ಭಾಗ ಯಾರಿಗಾದರೂ ಸಿಗುತ್ತದೆ. ಡಿಕ್ಕಿಯ ಕಥೆ ಹೇಳುವುದು ಬಾಲ. ಅದು ಕತ್ತಲ ಆಕಾಶದ ಸಹಜ ಹೊಳಪಿಗಿಂತಲೂ ಮಂಕು. ಹಾಗಾಗಿ ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಅದನ್ನು ಹಿಡಿಯುವುದಕ್ಕಾಗಿಯೇ.

ಮೊದಲು ಜಾಗ, ಆಮೇಲೆ ಟೆಲಿಸ್ಕೋಪ್

ಹೊಸಬರು ಮೊದಲು ಕೇಳುವುದು "ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಅಂತ. ಮೊದಲು ಕೇಳಬೇಕಾದ್ದು ಎಲ್ಲಿಗೆ ಹೋಗಲಿ ಅಂತ. ಒಂದು ಲೆಕ್ಕ ನೋಡಿ. ದೊಡ್ಡ ಊರಿನ ಒಳಗಿನ ಆಕಾಶ ಒಳ್ಳೆಯ ಹಳ್ಳಿಯ ಆಕಾಶಕ್ಕಿಂತ ಮೂರೂವರೆ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಬೆಳ್ಳಗಿದೆ ಅಂದುಕೊಳ್ಳಿ. ಅಂದರೆ 25 ಪಟ್ಟು ಹೆಚ್ಚು ಬೆಳಕು. ಕತ್ತಲಲ್ಲಿ 1 ಗಂಟೆಯಲ್ಲಿ ಸಿಗುವ ಮಂಕು ಬಾಲಕ್ಕೆ ಊರೊಳಗೆ ಸುಮಾರು 25 ಗಂಟೆ ಬೇಕು. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಹಾಕಿದರೆ ಆಗಲ್ವಾ? ನೆಬ್ಯುಲಾಗೆ, ಅಂದರೆ ಹೊಳೆಯುವ ಅನಿಲದ ಮೋಡಕ್ಕೆ ಆಗುತ್ತದೆ, ಗ್ಯಾಲಕ್ಸಿಗೆ ಅಷ್ಟಾಗಿ ಇಲ್ಲ. ನೆಬ್ಯುಲಾ ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತದೆ. ಗ್ಯಾಲಕ್ಸಿಯದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಇರುತ್ತದೆ. ಫಿಲ್ಟರ್ ಬೀದಿದೀಪದ ಜೊತೆ ಬಾಲವನ್ನೂ ತಡೆದುಬಿಡುತ್ತದೆ. ಆ ದುಡ್ಡು ಪೆಟ್ರೋಲಿಗೆ ಹಾಕಿ.

ಹಸ್ತಾ ದಕ್ಷಿಣದಲ್ಲಿ ಬರುವುದರಿಂದ ನಿಮ್ಮ ಜಾಗದ ದಕ್ಷಿಣ ದಿಕ್ಕು ಕತ್ತಲಿರಬೇಕು. ಊರಿನ ಬೆಳಕು ಬೆನ್ನ ಹಿಂದೆ, ಉತ್ತರಕ್ಕೆ ಬೀಳುವ ಹಾಗೆ ನೋಡಿಕೊಳ್ಳಿ. ತೋಟದವರ ಒಪ್ಪಿಗೆ ಪಡೆದೇ ಹೋಗಿ. ಆನೆ ಓಡಾಡುವ ಕಾಡಂಚು ಬೇಡವೇ ಬೇಡ.

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಬೆಂಗಳೂರಿನ ಅಕ್ಷಾಂಶದಲ್ಲಿ ಆಂಟೆನೆ 58 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ 20 ಡಿಗ್ರಿ ಮೇಲೇರುವುದೂ ಕಷ್ಟ. ನಮಗೆ ಒಂದೇ ರಾತ್ರಿಯಲ್ಲಿ ಹತ್ತಿರಹತ್ತಿರ ಏಳು ಗಂಟೆ ಹೊತ್ತು ಅದು 30 ಡಿಗ್ರಿಗಿಂತ ಮೇಲೇ ಇರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಬಿಡಬೇಡಿ. ಮೇ ತಿಂಗಳಲ್ಲಿ ಸಂಜೆ ಮೋಡದ ಕಾಟ ಶುರುವಾಗುತ್ತದೆ.

ಸಲಕರಣೆ

ನನ್ನ ಆಯ್ಕೆ 8 ಇಂಚಿನ ಎಫ್/4 ನ್ಯೂಟೋನಿಯನ್ (ಕನ್ನಡಿ ಇರುವ ಟೆಲಿಸ್ಕೋಪ್), ಫೋಕಲ್ ಲೆಂತ್ 800 ಮಿ.ಮೀ. ಅಂಚಿನ ನಕ್ಷತ್ರಗಳು ಉದ್ದುದ್ದ ಆಗದಿರಲು ಕೋಮಾ ಕರೆಕ್ಟರ್ ಬೇಕೇ ಬೇಕು. ಹಳೇ ಡಿಎಸ್‌ಎಲ್‌ಆರ್ ಇದ್ದರೂ ಸಾಕು, ಕೂಲಿಂಗ್ ಇರುವ ಕ್ಯಾಮೆರಾ ಇದ್ದರೆ ನಮ್ಮ ಬೇಸಿಗೆ ರಾತ್ರಿಗೆ ಇನ್ನೂ ಒಳ್ಳೆಯದು. ಕ್ಯಾಮೆರಾ ಹೊಂದುತ್ತದೋ ಇಲ್ಲವೋ ನೋಡಲು ಸುಲಭದ ಸೂತ್ರವಿದೆ. ಪಿಕ್ಸೆಲ್‌ನ ಅಳತೆಯನ್ನು (ಮೈಕ್ರಾನ್) 206ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್‌ಗೆ 800 ಮಿ.ಮೀ.ನಲ್ಲಿ ಸುಮಾರು 1 ಆರ್ಕ್‌ಸೆಕೆಂಡ್ ಬರುತ್ತದೆ, ಅಂದರೆ ಒಂದು ಪಿಕ್ಸೆಲ್‌ನಲ್ಲಿ ಆಕಾಶದ ಒಂದು ಡಿಗ್ರಿಯ 3600ನೇ ಒಂದು ಭಾಗ. ಗ್ಯಾಲಕ್ಸಿಗೆ ಇದು ಹದವಾದ ಅಳತೆ.

ಜಾಸ್ತಿ ದುಡ್ಡು ಹಾಕಬೇಕಾದ್ದು ಮೌಂಟ್‌ಗೆ, ಅಂದರೆ ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರಕ್ಕೆ. ಕೊಳ್ಳುವ ಮೊದಲು ಒಂದು ಮಾತು ಕೇಳಿ: ಇದು 13 ಡಿಗ್ರಿ ಅಕ್ಷಾಂಶಕ್ಕೆ ಇಳಿಯುತ್ತದಾ? ಇಳಿದಾಗ ತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದಾ? ನಮ್ಮಂಥ ತಗ್ಗು ಅಕ್ಷಾಂಶದಲ್ಲಿ ಇದು ನಿಜವಾದ ತೊಂದರೆ. ಟ್ರೈಪಾಡ್ ಮತ್ತು ಮೌಂಟ್ ನಡುವೆ ಪಿಯರ್ ಎಕ್ಸ್‌ಟೆನ್ಶನ್ ಎಂಬ ಗಿಡ್ಡ ಕಂಬ ಹಾಕಿದರೆ ಸರಿಹೋಗುತ್ತದೆ.

ರಾತ್ರಿಯ ಕೆಲಸ

ಕತ್ತಲಾಗುವ ಮೊದಲೇ ಎಲ್ಲವನ್ನೂ ಜೋಡಿಸಿ. ಮೌಂಟ್‌ನ ಅಕ್ಷವನ್ನು ಧ್ರುವಕ್ಕೆ ಸರಿಯಾಗಿ ಹೊಂದಿಸುವುದು ಮೊದಲ ಕೆಲಸ. ನಮ್ಮಲ್ಲಿ ಧ್ರುವ ನಕ್ಷತ್ರ ತೀರಾ ಕೆಳಗೆ. ಮೈಸೂರಿನಲ್ಲಿ 12 ಡಿಗ್ರಿ, ಕಲಬುರಗಿಯಲ್ಲಿ 17. ತೆಂಗಿನಮರವೋ ದೂಳೋ ಅಡ್ಡ ಬಂದೇ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೀನಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂರು ಬಿಂದುಗಳ ವಿಧಾನ ಇದೆ. ಆಕಾಶದ ಬೇರೆ ಕಡೆ ಮೂರು ಫೋಟೊ ತೆಗೆದು ಎಷ್ಟು ತಪ್ಪಿದೆ ಅಂತ ಅದೇ ಹೇಳುತ್ತದೆ. ನೀವು ತಿರುಪು ತಿರುಗಿಸುತ್ತಾ ಬಂದರೆ ಸಾಕು.

ಫೋಕಸ್‌ಗೆ ಬಾಟಿನೋವ್ ಮಾಸ್ಕ್ ಬಳಸಿ. ಗೀರು ಗೀರಾಗಿ ಕೊರೆದ ತಟ್ಟೆಯನ್ನು ಟೆಲಿಸ್ಕೋಪ್ ಬಾಯಿಗಿಟ್ಟು ಒಂದು ಹೊಳೆಯುವ ನಕ್ಷತ್ರ ನೋಡಿ. ಎರಡು ಗೆರೆ ಗುಣಾಕಾರದ ಚಿಹ್ನೆಯಂತೆ ನಿಲ್ಲುತ್ತವೆ. ಮೂರನೆಯದು ಅಡ್ಡ ಗೆರೆ, ಫೋಕಸ್ ತಿರುಗಿಸಿದಂತೆ ಅದು ಅತ್ತಿತ್ತ ಸರಿಯುತ್ತದೆ. ಅದು ಸರಿಯಾಗಿ ಮಧ್ಯಕ್ಕೆ ಬಂದಾಗ ಕೈ ಬಿಡಿ. ಮಾಸ್ಕ್ ತೆಗೆಯುವುದು ಮರೆಯಬೇಡಿ. ರಾತ್ರಿ ತಂಪಾದಂತೆ ಕೊಳವೆ ಕುಗ್ಗುತ್ತದೆ, ಫೋಕಸ್ ತಪ್ಪುತ್ತದೆ. ಗಂಟೆಗೊಮ್ಮೆ ಮತ್ತೆ ನೋಡಿ.

ಕತ್ತಲ ಜಾಗದಲ್ಲಿ ಒಂದೊಂದು ಎಕ್ಸ್‌ಪೋಶರ್ 2ರಿಂದ 3 ನಿಮಿಷ ಇರಲಿ. ಗೈಡ್ ಕ್ಯಾಮೆರಾವನ್ನು (ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟ್ ತಪ್ಪದಂತೆ ಕಾಯುವ ಪುಟ್ಟ ಕ್ಯಾಮೆರಾ) ಪಿಎಚ್‌ಡಿ 2 ಎಂಬ ಸಾಫ್ಟ್‌ವೇರ್‌ಗೆ ಜೋಡಿಸಿ. ಡಿದರಿಂಗ್ ಆನ್ ಮಾಡಿ, ಅಂದರೆ ಒಂದೆರಡು ಫೋಟೊಗೊಮ್ಮೆ ಟೆಲಿಸ್ಕೋಪ್ ಕೆಲವು ಪಿಕ್ಸೆಲ್ ಪಕ್ಕಕ್ಕೆ ಜರುಗಬೇಕು. ಇದನ್ನು ಬಿಟ್ಟರೆ ಕ್ಯಾಮೆರಾದ ದೋಷಗಳು ಕೊನೆಯ ಚಿತ್ರದಲ್ಲಿ ಓರೆ ಗೆರೆಗಳಾಗಿ ಕೂತು ಬಾಲವನ್ನು ನುಂಗುತ್ತವೆ. ಗ್ಯಾಲಕ್ಸಿ ನೆತ್ತಿರೇಖೆ (ನೆತ್ತಿಯ ಮೂಲಕ ಉತ್ತರ-ದಕ್ಷಿಣಕ್ಕೆ ಎಳೆದ ಗೆರೆ) ದಾಟುವಾಗ ಮೌಂಟ್ ಪಕ್ಕ ಬದಲಿಸುತ್ತದೆ. ಆಗ ಹತ್ತಿರವೇ ಇದ್ದು ಕೇಬಲ್ ಸಿಕ್ಕಿಕೊಳ್ಳದಂತೆ ನೋಡಿ.

ಒಟ್ಟು ಎಷ್ಟು ಹೊತ್ತು? ನಡುಭಾಗಕ್ಕೆ 3 ಗಂಟೆ ಸಾಕು. ಬಾಲಕ್ಕೆ ಕನಿಷ್ಠ 8ರಿಂದ 10 ಗಂಟೆ ಬೇಕು. ಚಿತ್ರ ಎರಡು ಪಟ್ಟು ಚೊಕ್ಕ ಆಗಬೇಕಾದರೆ ನಾಲ್ಕು ಪಟ್ಟು ಸಮಯ ಹಾಕಬೇಕು. ಒಂದೇ ರಾತ್ರಿಯಲ್ಲಿ ಮುಗಿಸುವ ಆಸೆ ಬೇಡ. ಮುಂದಿನ ಅಮಾವಾಸ್ಯೆಗೆ, ಮುಂದಿನ ವರ್ಷಕ್ಕೂ ಸೇರಿಸುತ್ತಾ ಹೋಗಬಹುದು. ಪ್ರತಿ ಸಲವೂ ಫ್ಲಾಟ್ (ಒಂದೇ ಸಮನಾದ ಬೆಳಕಿನ ಫೋಟೊ) ಮತ್ತು ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫೋಟೊ) ಫ್ರೇಮ್‌ಗಳನ್ನು ತೆಗೆದಿಡಿ. ಫ್ಲಾಟ್ ಸರಿಯಿಲ್ಲದಿದ್ದರೆ ಸೆನ್ಸರ್ ಮೇಲಿನ ದೂಳಿನ ನೆರಳು ಯಾವುದು, ಬಾಲ ಯಾವುದು ಅಂತ ಹೇಳುವುದೇ ಕಷ್ಟ.

ಮೊದಲ ಸಲವೇ ಇಷ್ಟೆಲ್ಲ ಬೇಡ ಅನಿಸಿದರೆ ಎಂ 51 ಎಂಬ ಗ್ಯಾಲಕ್ಸಿ ಜೋಡಿಯಿಂದ ಶುರುಮಾಡಿ. ಸಪ್ತರ್ಷಿ ಮಂಡಲದ ಬಾಲದ ತುದಿಯ ನಕ್ಷತ್ರದ ಹತ್ತಿರವೇ ಇದೆ, ಆಂಟೆನೆಗಿಂತ ಹೊಳಪು ಜಾಸ್ತಿ. ದೊಡ್ಡ ಸುರುಳಿ ಗ್ಯಾಲಕ್ಸಿಯ ಪಕ್ಕದಲ್ಲೇ ಚಿಕ್ಕದೊಂದು ಎಳೆದಾಡುತ್ತಿರುವುದು ಒಂದೆರಡು ಗಂಟೆಯ ಫೋಟೊದಲ್ಲೇ ಕಾಣುತ್ತದೆ.

ಮನೆಗೆ ಬಂದ ಮೇಲೆ

ಸಿರಿಲ್ ಎಂಬ ಸಾಫ್ಟ್‌ವೇರ್ ಉಚಿತ, ಸ್ಟ್ಯಾಕ್ ಮಾಡುವುದರಿಂದ (ಎಲ್ಲ ಫೋಟೊಗಳನ್ನು ಒಂದರ ಮೇಲೊಂದು ಸೇರಿಸುವುದು) ಬಣ್ಣ ಹೊಂದಿಸುವವರೆಗೆ ಎಲ್ಲಕ್ಕೂ ಸಾಕು. ಉಪಗ್ರಹ, ವಿಮಾನಗಳ ಗೆರೆಗಳನ್ನು ಸ್ಟ್ಯಾಕ್ ಮಾಡುವಾಗ ಅದೇ ಕಳೆಯುತ್ತದೆ. ಎಚ್ಚರ ಬೇಕಾದ್ದು ಹಿನ್ನೆಲೆಯ ಬೆಳಕು ತೆಗೆಯುವ ಹಂತದಲ್ಲಿ. ಸಾಫ್ಟ್‌ವೇರ್ ತಾನಾಗಿಯೇ ಇಡುವ ಮಾದರಿ ಚುಕ್ಕೆಗಳಲ್ಲಿ ಕೆಲವು ಬಾಲದ ಮೇಲೇ ಬೀಳುತ್ತವೆ. ಆಗ ಅದು ಬಾಲವನ್ನೂ ಮಾಲಿನ್ಯ ಅಂದುಕೊಂಡು ಅಳಿಸುತ್ತದೆ. ಒಂದೊಂದಾಗಿ ನೋಡಿ, ಬಾಲದ ದಾರಿಯಲ್ಲಿರುವ ಚುಕ್ಕೆಗಳನ್ನು ತೆಗೆಯಿರಿ. ಆಮೇಲೆ ಚಿತ್ರದ ಮಂಕು ಭಾಗಗಳ ಹೊಳಪನ್ನು ನಿಧಾನವಾಗಿ ಹೆಚ್ಚಿಸಿ. ಆಕಾಶ ಕಪ್ಪಗೆ ಕಂಡರೆ ಚೆಂದ ಅಂತ ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ. ಸ್ವಲ್ಪ ಬೂದು ಉಳಿದರೆ ಬಾಲವೂ ಉಳಿಯುತ್ತದೆ.

ಬಾಲ ನಿಜವಾಗಿಯೂ ಸಿಕ್ಕಿದೆಯಾ ಅಂತ ತಿಳಿಯಲು ನಿಮ್ಮ ಫೋಟೊಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆಯಾಗಿ ಸ್ಟ್ಯಾಕ್ ಮಾಡಿ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಬಾಗು ಇದ್ದರೆ ಅದು ನಿಜ. ಒಂದರಲ್ಲಿ ಮಾತ್ರ ಇದ್ದರೆ ಇನ್ನೊಂದು ರಾತ್ರಿ ಬೇಕು. ಚಿತ್ರದ ಗದ್ದಲ (ಕಾಳುಕಾಳಾಗಿ ಕಾಣುವ ಕಲೆ) ತೆಗೆಯುವ ಎಐ ಸಾಧನಗಳನ್ನು ಈ ಪರೀಕ್ಷೆ ಆದಮೇಲೆ, ಹಿತಮಿತವಾಗಿ ಬಳಸಿ. ಇಲ್ಲದ್ದನ್ನು ಅವು ಬರೆದರೆ ಅದು ಆಕಾಶದ ಫೋಟೊ ಅಲ್ಲ.

ಮಳೆಗಾಲದಲ್ಲಿ ಹಳೆಯ ಡೇಟಾವನ್ನೇ ಮತ್ತೆ ಸಂಸ್ಕರಿಸಿ ನೋಡಿ. ಮಳೆ ನಿಂತ ಮೇಲೆ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ, ಪೆಗಾಸಸ್ ನಕ್ಷತ್ರಪುಂಜದಲ್ಲಿ ಸ್ಟೆಫಾನ್‌ನ ಐದು ಗ್ಯಾಲಕ್ಸಿಗಳ ಗುಂಪು ಸಿಗುತ್ತದೆ. ಫ್ರೆಂಚ್ ಖಗೋಳಜ್ಞ ಎಡುವಾರ್ ಸ್ಟೆಫಾನ್ ಅದನ್ನು ಕಂಡಿದ್ದು 1877ರಲ್ಲಿ. ಅವುಗಳಲ್ಲಿ ನಾಲ್ಕು ನಿಜವಾಗಿ ಎಳೆದಾಡಿಕೊಳ್ಳುತ್ತಿವೆ, ಐದನೆಯದು ನಮಗೆ ತುಂಬಾ ಹತ್ತಿರದ್ದು, ಸುಮ್ನೆ ಎದುರಿಗೆ ಬಂದಿದೆ. ತುಂಬಾ ಚಿಕ್ಕ ಗುಂಪು, 1000 ಮಿ.ಮೀ.ಗಿಂತ ಹೆಚ್ಚಿನ ಫೋಕಲ್ ಲೆಂತ್ ಇದ್ದರೆ ಒಳ್ಳೆಯದು.