ನೋಟೇಶನ್ ಹಾಳೆಯನ್ನು ಕಂಪ್ಯೂಟರ್ ಓದಬೇಕಾದರೆ

ಒಂದು ಪಿಯಾನೊ ತುಣುಕಿನ ನೋಟೇಶನ್ ಹಾಳೆಯಲ್ಲಿ (ಪಾಶ್ಚಾತ್ಯ ಸ್ವರಲಿಪಿಯಲ್ಲಿ) ಎಫ್ ಶಾರ್ಪ್, ಅಂದರೆ ಎಫ್‌ಗಿಂತ ಅರ್ಧ ಮೆಟ್ಟಿಲು ಮೇಲಿನ ಸ್ವರ, ಎಷ್ಟು ಸಲ ಬಂದಿದೆ ಅಂತ ಪೆನ್ಸಿಲ್ ಹಿಡಿದು ಎಣಿಸಲು ಕೂತರೆ ಮೂರನೇ ಪುಟದ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ಮತ್ತೆ ಮೊದಲಿಂದ ಶುರು. ಇದೇ ಕೆಲಸವನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಆದರೆ ನಾವು ಕೊಟ್ಟ ಫೈಲ್ ಸರಿಯಿದ್ದರೆ ಮಾತ್ರ. ಬಹಳ ಜನ ಎಡವುವುದು ಸಾಫ್ಟ್‌ವೇರ್ ಹತ್ತಿರ ಅಲ್ಲ, ಅದಕ್ಕೂ ಮುಂಚೆ. ಹಾಗಾಗಿ ಈ ಲೇಖನದಲ್ಲಿ ತಯಾರಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಒಂದು ಪ್ರಶ್ನೆ ಬರೆದುಕೊಳ್ಳಿ. "ಈ ಕೃತಿಯನ್ನು ವಿಶ್ಲೇಷಿಸಬೇಕು" ಅನ್ನುವುದು ಪ್ರಶ್ನೆ ಅಲ್ಲ. "ಮೇಲಿನ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆ?", "ಯಾವ ಬಾರ್‌ನಲ್ಲಿ ಕೀ ಬದಲಾಗುತ್ತದೆ?" ಅನ್ನುವುದು ಪ್ರಶ್ನೆ. ಚಿಕ್ಕದಿರಲಿ ಪರವಾಗಿಲ್ಲ. (ಬಾರ್ ಅಂದರೆ ಹಾಳೆಯಲ್ಲಿ ಎರಡು ನಿಂತ ಗೆರೆಗಳ ನಡುವಿನ ತಾಳದ ಒಂದು ಸುತ್ತು. ಕೀ ಅಂದರೆ ಕೃತಿ ನೆಲೆ ನಿಂತಿರುವ ಮೂಲ ಸ್ವರ ಮತ್ತು ಅದರ ಸ್ವರಗಳ ಗುಂಪು.)

ಎರಡನೆಯದು ಫೈಲ್. ಪಿಡಿಎಫ್ ಇದೆಯಲ್ಲ, ಸಾಕು ಅಲ್ವಾ ಅನ್ನಿಸಬಹುದು. ಸಾಲದು. ಕಂಪ್ಯೂಟರ್‌ಗೆ ಪಿಡಿಎಫ್ ಅಂದರೆ ಬರೀ ಗೆರೆ ಮತ್ತು ಚುಕ್ಕೆ, ಅದರಲ್ಲಿ ಸ್ವರ ಯಾವುದು, ತಾಳ ಯಾವುದು ಅನ್ನುವ ಮಾಹಿತಿ ಇರುವುದಿಲ್ಲ. ನಿಮಗೆ ಬೇಕಾದದ್ದು ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್, ಅಂದರೆ ಪ್ರತಿ ಸ್ವರದ ಹೆಸರು, ಉದ್ದ ಎಲ್ಲವನ್ನೂ ಅಕ್ಷರದಲ್ಲಿ ಬರೆದಿಟ್ಟ ಫೈಲ್. ನೋಟೇಶನ್ ಬರೆಯುವ ಹೆಚ್ಚಿನ ಎಲ್ಲ ಸಾಫ್ಟ್‌ವೇರ್‌ಗಳೂ ಇದನ್ನು ಓದುತ್ತವೆ, ಬರೆಯುತ್ತವೆ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನಲ್ಲಿ ಕೃತಿಯನ್ನು ನೀವೇ ಬರೆದು ಎಕ್ಸ್‌ಪೋರ್ಟ್ ಮಾಡಬಹುದು. ಅಚ್ಚಾದ ಹಾಳೆಯ ಸ್ಕ್ಯಾನ್ ಮಾತ್ರ ಇದ್ದರೆ ಆಡಿವೆರಿಸ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಚಿತ್ರವನ್ನು ಓದಿ ಮ್ಯೂಸಿಕ್‌ಎಕ್ಸ್‌ಎಂಎಲ್ ಮಾಡಿಕೊಡುತ್ತದೆ. ಕೈಬರಹದ ಹಾಳೆಗೆ ಅದನ್ನು ನಂಬಬೇಡಿ. ಎರಡು ಪುಟದ ಕೃತಿಯಾದರೆ ನನ್ನ ಸಲಹೆ ಒಂದೇ, ಸುಮ್ನೆ ಕೂತು ಕೈಯಲ್ಲೇ ಟೈಪ್ ಮಾಡಿ. ಬರೆಯುತ್ತಾ ಬರೆಯುತ್ತಾ ಕೃತಿಯ ಅರ್ಧ ಗುಟ್ಟು ತಾನಾಗಿಯೇ ಗೊತ್ತಾಗುತ್ತದೆ.

ಯಾವ ಸ್ವರ ಯಾವಾಗ ನುಡಿಯಬೇಕು ಅಂತ ದಾಖಲಿಸುವ ಮಿಡಿ ಫೈಲ್ ಸುಲಭವಾಗಿ ಸಿಗುತ್ತದೆ, ಅದನ್ನೇ ಬಳಸಿದರೆ ಆಗದಾ? ಎಣಿಕೆಗೆ ಆಗುತ್ತದೆ, ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ವಿಚಾರಕ್ಕೆ ಬಂದರೆ ತೊಂದರೆ. ಮಿಡಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆ. ಮಧ್ಯದ ಸಿ 60, ಅದರ ಪಕ್ಕದ ಕಪ್ಪು ಮನೆ 61. ಆ 61 ಸಿ ಶಾರ್ಪೋ (ಸಿಗಿಂತ ಅರ್ಧ ಮೆಟ್ಟಿಲು ಮೇಲೆ) ಡಿ ಫ್ಲ್ಯಾಟೋ (ಡಿಗಿಂತ ಅರ್ಧ ಮೆಟ್ಟಿಲು ಕೆಳಗೆ) ಅಂತ ಮಿಡಿಯ ಸ್ವರದಲ್ಲಿ ಬರೆದಿರುವುದಿಲ್ಲ. ಕಿವಿಗೆ ಎರಡೂ ಒಂದೇ, ವ್ಯಾಕರಣಕ್ಕೆ ಬೇರೆ ಬೇರೆ. ಎ ಮೈನರ್‌ನಲ್ಲಿರುವ ಒಂದು ತುಣುಕು ತಗೊಳ್ಳಿ (ಮೇಜರ್, ಮೈನರ್ ಅಂದರೆ ಕೀಯ ಎರಡು ಬಗೆ). ಅದರಲ್ಲಿ ಇ, ಜಿ ಶಾರ್ಪ್, ಬಿ ಸೇರಿದರೆ ಇ ಮೇಜರ್ ಕಾರ್ಡ್, ಅಂದರೆ ಆ ಕೀಯ ಐದನೆಯ ಕಾರ್ಡ್, ಮನೆಗೆ, ಅಂದರೆ ಮೂಲ ಸ್ವರ ಎಗೆ, ಕರೆದೊಯ್ಯುವ ಕಾರ್ಡ್. ಅದೇ ಜಿ ಶಾರ್ಪ್ ಜಾಗದಲ್ಲಿ ಎ ಫ್ಲ್ಯಾಟ್ ಅಂತ ಬರೆದಿದ್ದರೆ ಸಾಫ್ಟ್‌ವೇರ್ ಅದನ್ನು ನೇರವಾಗಿ ಇ ಮೇಜರ್ ಅಂತ ಕರೆಯುವುದಿಲ್ಲ. ಒಂದು ಅಕ್ಷರ ತಪ್ಪಿದ್ದಕ್ಕೆ ಇಡೀ ವಾಕ್ಯದ ಅರ್ಥ ಹೋಯಿತು.

ಮೂರನೆಯದು ಶುದ್ಧಿ ಮಾಡುವ ಕೆಲಸ, ಇದನ್ನು ಮಾತ್ರ ಬಿಡಲೇಬೇಡಿ. ನಾನು ಮೊದಲ ಸಲ ಸ್ಕ್ಯಾನ್‌ನಿಂದ ಮಾಡಿದ ಫೈಲ್‌ನಲ್ಲಿ ಎರಡನೇ ಪುಟದ ಎಡಗೈ ಸಾಲಿನ ಶುರುವಿನಲ್ಲಿದ್ದ ಒಂದು ಶಾರ್ಪ್ ಗುರುತು ಬಿಟ್ಟುಹೋಗಿತ್ತು. ಒಂದೇ ಒಂದು ಗುರುತು. ಆ ಸಾಲಿನ ಎಲ್ಲ ಎಫ್ ಶಾರ್ಪ್‌ಗಳೂ ಬರೀ ಎಫ್ ಆಗಿದ್ದವು. ಸಾಫ್ಟ್‌ವೇರ್ "ಇಲ್ಲಿ ಕೀ ಬದಲಾಗಿದೆ" ಅಂದಿತು, ನಾನು ಒಂದು ಸಂಜೆ ಪೂರ್ತಿ ಅದನ್ನೇ ನಂಬಿಕೊಂಡು ಟಿಪ್ಪಣಿ ಬರೆದೆ. ಫೈಲನ್ನು ಪ್ಲೇ ಮಾಡಿ ಕೇಳಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಆದ್ದರಿಂದ ಮೊದಲು ಮ್ಯೂಸ್‌ಸ್ಕೋರ್‌ನಲ್ಲಿ ತೆರೆದು, ಮೂಲ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಸಲ ಪೂರ್ತಿ ಕೇಳಿ. ಆಮೇಲೆ ಪ್ರತಿ ಬಾರ್‌ನ ಲೆಕ್ಕ ನೋಡಿ. ಮೂರು ನಾಲ್ಕರ ತಾಳದಲ್ಲಿ ಯಾವುದಾದರೂ ಬಾರ್ ಮೂರೂವರೆ ಬೀಟ್ ಇದ್ದರೆ ಅಲ್ಲಿ ಏನೋ ತಪ್ಪಿದೆ.

ಇನ್ನು ಸಾಫ್ಟ್‌ವೇರ್. ಹಲವು ಇವೆ, ನಾನು ಹೇಳುವುದು ಮ್ಯೂಸಿಕ್21. ಇದು ಅಮೆರಿಕದ ಎಂಐಟಿಯಲ್ಲಿ ಮೈಕಲ್ ಕತ್ಬರ್ಟ್ ಮುಂದಾಳತ್ವದಲ್ಲಿ ಬೆಳೆದದ್ದು, ಉಚಿತ, ಪೈಥಾನ್ ಭಾಷೆಯಲ್ಲಿ ಕೆಲಸ ಮಾಡುತ್ತದೆ. ಪ್ರೋಗ್ರಾಮಿಂಗ್ ಬರದವರು ಹೆದರಬೇಡಿ, ನಾಲ್ಕೈದು ಸಾಲು ಬರೆಯಲು ಬಂದರೆ ಸಾಕು. ಪೈಥಾನ್ ಹಾಕಿಕೊಂಡು, ಅದರ ಪಿಪ್ ಅನ್ನುವ ಇನ್‌ಸ್ಟಾಲರ್ ಮೂಲಕ ಮ್ಯೂಸಿಕ್21 ಇನ್‌ಸ್ಟಾಲ್ ಮಾಡಿ. ಫ್ಲ್ಯಾಟ್ ಗುರುತಿಗೆ ಇದು ಮೈನಸ್ ಚಿಹ್ನೆ ಬಳಸುತ್ತದೆ ಅನ್ನುವುದನ್ನು ಈಗಲೇ ನೆನಪಿಟ್ಟುಕೊಳ್ಳಿ.

ನಿಮ್ಮ ಫೈಲ್‌ಗೆ ಕೈ ಹಾಕುವ ಮುಂಚೆ ಮ್ಯೂಸಿಕ್21 ಜೊತೆಗೇ ಬರುವ ಸಂಗ್ರಹದಿಂದ ಜರ್ಮನ್ ಸಂಗೀತಗಾರ ಬಾಕ್‌ನ ಒಂದು ಕೋರಾಲ್ (ಹಲವು ದನಿಯ ಚರ್ಚ್ ಹಾಡು) ತೆರೆದು ಅಭ್ಯಾಸ ಮಾಡಿ. ಬಾಕ್ ಕೃತಿಪಟ್ಟಿಯ ಸಂಖ್ಯೆ ಬಿಡಬ್ಲ್ಯುವಿ 66.6 ಒಳ್ಳೆಯದು. ನಾಲ್ಕು ದನಿ, ಹತ್ತು ಬಾರ್ ಕೂಡ ತುಂಬದಷ್ಟು ಚಿಕ್ಕದು. ಶುರುವಿನಲ್ಲಿ ಮೂರು ಶಾರ್ಪ್ ಇವೆ, ಅದು ಎ ಮೇಜರ್ ಆಗಿರಬಹುದು, ಎಫ್ ಶಾರ್ಪ್ ಮೈನರ್ ಕೂಡ ಆಗಿರಬಹುದು. ಕೀ ಹುಡುಕು ಅಂದರೆ ಮ್ಯೂಸಿಕ್21 ಎಫ್ ಶಾರ್ಪ್ ಮೈನರ್ ಅನ್ನುತ್ತದೆ, ಅದು ಸರಿ.

ಹೇಗೆ ಹೇಳಿತು? ಹನ್ನೆರಡು ಸ್ವರಗಳಲ್ಲಿ ಯಾವ್ಯಾವುದು ಒಟ್ಟು ಎಷ್ಟು ಹೊತ್ತು ಕೇಳುತ್ತದೆ ಅಂತ ಮೊದಲು ಕೂಡಿಸುತ್ತದೆ. ಹನ್ನೆರಡು ಮೇಜರ್, ಹನ್ನೆರಡು ಮೈನರ್, ಒಟ್ಟು 24 ಕೀಗಳಿಗೆ ಒಂದೊಂದು ಮಾದರಿ ಇರುತ್ತದೆ. ಯಾವ ಮಾದರಿಗೆ ಈ ಲೆಕ್ಕ ಹೆಚ್ಚು ಹೊಂದುತ್ತದೋ ಅದೇ ಉತ್ತರ. ಇಂಥ ಮಾದರಿಗಳ ಹಿಂದೆ ಸಂಗೀತದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಕ್ರುಮ್‌ಹ್ಯಾನ್ಸ್ಲ್ ಅವರ ಪ್ರಯೋಗಗಳಿವೆ. ಈ ಕೀಯಲ್ಲಿ ಈ ಸ್ವರ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಕೇಳುಗರನ್ನೇ ಕೇಳಿ ಅಂಕ ತೆಗೆದುಕೊಂಡಿದ್ದರು. ಎಷ್ಟು ಚೆಂದದ ಯೋಚನೆ! ಆದರೆ ಈ ವಿಧಾನಕ್ಕೆ ಸ್ವರಗಳ ಕ್ರಮ ಗೊತ್ತಿಲ್ಲ, ಬರೀ ಒಟ್ಟು ಮೊತ್ತ ಗೊತ್ತು. ಸಿ ಮೇಜರ್ ಮತ್ತು ಎ ಮೈನರ್ ಹತ್ತಿರ ಹತ್ತಿರ ಅಂಕ ಪಡೆಯುವುದು ಇದಕ್ಕೇ. ಹಾಗಾಗಿ ಮೊದಲ ಉತ್ತರ ನೋಡಿ ನಿಲ್ಲಿಸಬೇಡಿ, ಎರಡನೇ ಸ್ಥಾನದಲ್ಲಿ ಯಾವುದಿದೆ, ಅಂತರ ಎಷ್ಟು ಅಂತಲೂ ಕೇಳಿ. ಉದ್ದದ ಕೃತಿಯಾದರೆ ನಾಲ್ಕು ಅಥವಾ ಎಂಟು ಬಾರ್‌ಗಳ ತುಂಡು ಮಾಡಿ ಬೇರೆ ಬೇರೆಯಾಗಿ ಕೇಳಿ, ಕೀ ಎಲ್ಲಿ ಜಾರುತ್ತದೆ ಅನ್ನುವುದು ಆಗ ಕಾಣುತ್ತದೆ.

ಸ್ವರ ಎಣಿಸುವಾಗ ಮೂರು ಕಡೆ ಎಚ್ಚರ ಬೇಕು. ಟೈ (ಎರಡು ಸ್ವರಗಳನ್ನು ಜೋಡಿಸುವ ಬಾಗಿದ ಗೆರೆ) ಹಾಕಿದ ಸ್ವರ ಬರವಣಿಗೆಯಲ್ಲಿ ಎರಡು, ಕಿವಿಗೆ ಒಂದು. ಮೊದಲು ಟೈಗಳನ್ನು ಕೂಡಿಸಲು ಹೇಳದಿದ್ದರೆ ಎಣಿಕೆ ಜಾಸ್ತಿ ಬರುತ್ತದೆ. ರಿಪೀಟ್ ಗುರುತು ಇದ್ದರೆ ಆ ಭಾಗ ಒಂದೇ ಸಲ ಲೆಕ್ಕಕ್ಕೆ ಸಿಗುತ್ತದೆ, ಬಿಡಿಸು ಅಂತ ನೀವೇ ಹೇಳಬೇಕು. ಬಿ ಫ್ಲ್ಯಾಟ್ ಕ್ಲಾರಿನೆಟ್‌ನಂಥ ವಾದ್ಯಕ್ಕೆ ಹಾಳೆಯಲ್ಲಿ ಡಿ ಅಂತಿದ್ದರೆ ಕೇಳುವುದು ಸಿ, ಹಾಗಾಗಿ ಬರೆದದ್ದನ್ನು ಎಣಿಸಬೇಕೋ ಕೇಳುವುದನ್ನು ಎಣಿಸಬೇಕೋ ಅಂತ ಮೊದಲೇ ತೀರ್ಮಾನಿಸಿ.

ಕೊನೆಗೆ ಕಾರ್ಡ್. ಕಾರ್ಡಿಫೈ ಅನ್ನುವ ಆಜ್ಞೆ ಎಲ್ಲ ದನಿಗಳನ್ನೂ ಒಟ್ಟಿಗೆ ಒತ್ತಿ ಒಂದೇ ಸಾಲು ಮಾಡುತ್ತದೆ, ಆಮೇಲೆ ಪ್ರತಿಯೊಂದಕ್ಕೂ ಅದು ಕೀಯ ಎಷ್ಟನೆಯ ಕಾರ್ಡ್ ಅಂತ ತೋರಿಸುವ ರೋಮನ್ ಅಂಕಿಯ ಹೆಸರು ಕೇಳಬಹುದು. ನೋಡಲು ಖುಷಿ, ಆದರೆ ಕೊಟ್ಟ ಹೆಸರನ್ನೆಲ್ಲ ಒಪ್ಪಬೇಡಿ. ಕೆಳಗೆ ಸಿ, ಇ, ಜಿ ಹಿಡಿದು ನಿಂತಿರುವಾಗ ಮೇಲಿನ ದನಿ ಸಿಯಿಂದ ಡಿ ದಾಟಿ ಇಗೆ ಹೋಯಿತು ಅಂದುಕೊಳ್ಳಿ. ಆ ಡಿ ಹಾದುಹೋಗುವ ಸ್ವರ ಅಷ್ಟೇ, ಸಂಗೀತ ಬಲ್ಲವರು ಯಾರೂ ಅದನ್ನು ಹೊಸ ಕಾರ್ಡ್ ಅನ್ನುವುದಿಲ್ಲ. ಸಾಫ್ಟ್‌ವೇರ್ ಅನ್ನುತ್ತದೆ. ಬೀಟ್ ಮೇಲೆ ಬೀಳುವ ಕಾರ್ಡ್‌ಗಳನ್ನು ಮಾತ್ರ ಇಟ್ಟುಕೊಂಡರೆ ಈ ಗಲೀಜು ಬಹಳಷ್ಟು ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಸಸ್ಪೆನ್ಶನ್ (ಹಿಂದಿನ ಕಾರ್ಡ್‌ನ ಸ್ವರ ಹೊಸ ಕಾರ್ಡ್ ಮೇಲೂ ಎಳೆದು ನಿಲ್ಲುವುದು) ಬರುವುದೇ ಬಲವಾದ ಬೀಟ್ ಮೇಲೆ. ಅಲ್ಲಿ ಪರಕೀಯ ಸ್ವರ ಉಳಿದು, ಅದು ಇಳಿದು ಸೇರುವ ನಿಜವಾದ ಸ್ವರವೇ ಲೆಕ್ಕದಿಂದ ಬಿದ್ದುಹೋಗಬಹುದು.

ಇದಕ್ಕೆ ನಾನು ಮಾಡುವುದು ಇಷ್ಟು. ಹೆಸರು ವಿಚಿತ್ರವಾಗಿ ಬಂದ ಕಾರ್ಡ್‌ಗಳ ಸ್ವರಗಳಿಗೆ ಮ್ಯೂಸಿಕ್21ನಲ್ಲೇ ಕೆಂಪು ಬಣ್ಣ ಕೊಟ್ಟು, ಬೇರೆ ಹೆಸರಿನಲ್ಲಿ ಹೊಸ ಫೈಲ್ ಉಳಿಸಿ, ಮ್ಯೂಸ್‌ಸ್ಕೋರ್‌ನಲ್ಲಿ ತೆರೆಯುತ್ತೇನೆ. ಪುಟದ ತುಂಬಾ ಅಲ್ಲಲ್ಲಿ ಕೆಂಪು ಕಾಣುತ್ತದೆ. ಒಂದೊಂದಾಗಿ ಆ ಬಾರ್ ಪ್ಲೇ ಮಾಡಿ, ಕೆಂಪು ಸ್ವರಗಳಲ್ಲಿ ಅನುಮಾನ ಬಂದದ್ದನ್ನು ತೆಗೆದು ಮತ್ತೆ ಪ್ಲೇ ಮಾಡಿ. ತೆಗೆದ ಮೇಲೂ ಸಾಲು ಹಾಗೇ ಸಾಗಿದರೆ ಅದು ದಾರಿಯಲ್ಲಿ ಸಿಕ್ಕ ಸ್ವರ, ಹೆಸರು ಅಳಿಸಿಬಿಡಿ. ಸಾಲೇ ಕುಸಿದ ಹಾಗೆ ಕೇಳಿದರೆ ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ.