ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಪ್ರಿಂಟ್ ಆಗದಿದ್ದರೆ ನಾನು ಮೊದಲು ನೋಡುವುದು ಅದರ ಮೊದಲ ಸಾಲು

ಕಲಬುರಗಿಯ ಡಿಟಿಪಿ ಅಂಗಡಿಗಳಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಥರ: "ಸರ, ಲಗ್ನಪತ್ರಿಕೆ ಕಳಿಸಿದ್ರ ಪ್ರಿಂಟರ್ ಬರೀ ಇಂಗ್ಲಿಷ್ ಹೊಡೀಲಾಕತ್ತದ, ಐವತ್ತು ಹಾಳಿ ಹೋದವು." ಆ ಇಂಗ್ಲಿಷ್ ಎಂದರೆ ಪೋಸ್ಟ್‌ಸ್ಕ್ರಿಪ್ಟ್ ಕೋಡ್, ಅಂದರೆ ಪುಟವನ್ನು ಹೇಗೆ ಬಿಡಿಸಬೇಕೆಂದು ಪ್ರಿಂಟರ್‌ಗೆ ಹೇಳುವ ಭಾಷೆ. ತನಗೆ ಬಂದಿರುವುದು ಪ್ರೋಗ್ರಾಮ್ ಎಂದು ಪ್ರಿಂಟರ್‌ಗೆ ಗೊತ್ತಾಗಿಲ್ಲ, ಸಾದಾ ಬರಹ ಎಂದುಕೊಂಡು ಅಚ್ಚು ಹಾಕುತ್ತಿದೆ. ಕೂಡಲೇ ಟ್ರೇಯಿಂದ ಕಾಗದ ಎಳೆದುಕೊಂಡು, ಸರ್ವರ್‌ನಲ್ಲಿ ಜಾಬ್ ಕ್ಯಾನ್ಸಲ್ ಮಾಡಿ. ಪ್ರಿಂಟರ್ ಒಂದನ್ನೇ ಆಫ್ ಮಾಡಿದರೆ ಆನ್ ಆದ ತಕ್ಷಣ ಅದೇ ಜಾಬ್ ಮತ್ತೆ ಶುರುವಾಗಬಹುದು.

ಆಮೇಲೆ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯುತ್ತೇನೆ. ಫೈಲಿನ ಮೊಟ್ಟಮೊದಲ ಎರಡು ಅಕ್ಷರ %! ಆಗಿರಲೇಬೇಕು. ಅದಕ್ಕೂ ಮುಂಚೆ ಒಂದು ಖಾಲಿ ಸಾಲಿದ್ದರೆ ಕಪ್ಸ್ (ಸರ್ವರ್‌ನಲ್ಲಿ ಪ್ರಿಂಟ್ ಜಾಬ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ) ಅದನ್ನು ಪೋಸ್ಟ್‌ಸ್ಕ್ರಿಪ್ಟ್ ಎಂದು ಗುರುತಿಸದೆ ಹೋಗಬಹುದು. ಕಣ್ಣಿಗೆ ಕಾಣದ ಕಂಟ್ರೋಲ್-ಡಿ ಅಕ್ಷರವಿದ್ದರೂ ಕೆಲವು ಕಡೆ ಇದೇ ತೊಂದರೆ. ಕಂಟ್ರೋಲ್-ಡಿ ಹಾಕುವುದು ವಿಂಡೋಸ್ ಡ್ರೈವರ್. ಪ್ರಿಂಟರ್ ಪ್ರಾಪರ್ಟೀಸ್‌ನ ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಜಾಬ್‌ಗೆ ಮುಂಚೆ ಕಂಟ್ರೋಲ್-ಡಿ ಕಳಿಸುವ ಆಯ್ಕೆ ಇರುತ್ತದೆ, ಅದನ್ನು 'ನೋ' ಮಾಡಿದರೆ ಮುಗಿಯಿತು. ಮೊದಲ ಸಾಲು ಸರಿಯಿದ್ದೂ ಕೋಡೇ ಬರುತ್ತಿದ್ದರೆ ಆ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಅರ್ಥವಾಗುವುದಿಲ್ಲ, ಅದು ಬರೀ ಪಿಸಿಎಲ್ (ಇನ್ನೊಂದು ಪ್ರಿಂಟರ್ ಭಾಷೆ) ಅಥವಾ ಜಿಡಿಐ (ಪುಟವನ್ನು ಕಂಪ್ಯೂಟರೇ ತಯಾರಿಸಿ ಕೊಡಬೇಕಾದ) ಯಂತ್ರ. ಅಂಥದ್ದಕ್ಕೆ ಸರ್ವರ್‌ನಲ್ಲೇ ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಪರಿವರ್ತಿಸಿ ಕಳಿಸಬೇಕು.

ತಪ್ಪು ಫೈಲಿನದೋ ದಾರಿಯದೋ ಎಂದು ಬೇರ್ಪಡಿಸಲು ಕೈಯಲ್ಲೇ ಬರೆದ ನಾಲ್ಕು ಸಾಲಿನ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರುತ್ತೇನೆ. ಮೊದಲ ಸಾಲು %!, ಎರಡನೆಯದರಲ್ಲಿ ಕೊರಿಯರ್ ಫಾಂಟ್ 24 ಪಾಯಿಂಟ್, ಮೂರನೆಯದರಲ್ಲಿ 72 720 ಮೂವ್‌ಟು (ಬರೆಯಬೇಕಾದ ಜಾಗ ಹೇಳುವ ಆದೇಶ) ಮತ್ತು ಒಂದು ಪದ, ಕೊನೆಗೆ ಪುಟ ಹೊರಹಾಕುವ ಆದೇಶ ಶೋಪೇಜ್. ಶೋಪೇಜ್ ಮರೆತರೆ ದೀಪ ಮಿಣುಕಿ ಸುಮ್ಮನಾಗುತ್ತದೆ, ಹಾಳಿ ಬರುವುದಿಲ್ಲ. ಇದನ್ನು ನೆಟ್‌ಕ್ಯಾಟ್ ಎಂಬ ಕಮಾಂಡ್‌ನಿಂದ, ಸರ್ವರ್ ಬಿಟ್ಟು ನೇರ ಪ್ರಿಂಟರ್‌ನ 9100 ಪೋರ್ಟ್‌ಗೆ ಕಳಿಸುತ್ತೇನೆ. ಬಂದರೆ ಯಂತ್ರ, ಕೇಬಲ್ ಎರಡೂ ಸರಿ. ಹಾಳಿಯ ಮೇಲೆ ಸ್ಕೇಲ್ ಇಟ್ಟು ನೋಡಿ: 72 ಪಾಯಿಂಟ್‌ಗೆ 1 ಇಂಚು, ಹಾಗಾಗಿ ಪದ ಎಡದಂಚಿನಿಂದ 1 ಇಂಚು, ಕೆಳಗಿನಿಂದ 10 ಇಂಚು ದೂರ ಕೂತಿರಬೇಕು. ಇಲ್ಲಿ ಸರಿಯಿದ್ದು, ಅದೇ ಫೈಲ್ ಸರ್ವರ್‌ನ ಕ್ಯೂ (ಜಾಬ್‌ಗಳ ಸರದಿ) ಮೂಲಕ ಬಂದಾಗ ಒಂಬತ್ತೂವರೆ ಇಂಚಿಗೆ ಇಳಿದಿದ್ದರೆ 'ಫಿಟ್ ಟು ಪೇಜ್' ಎಲ್ಲೋ ಆನ್ ಆಗಿದೆ.

ಕನ್ನಡದ ಕೆಲಸದಲ್ಲಿ ಅತಿ ಹೆಚ್ಚು ಸತಾಯಿಸುವುದು ಫಾಂಟ್. ಪೇಜ್‌ಮೇಕರ್‌ನಲ್ಲಿ ಬಳಸುವ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಫಾಂಟ್ ಫೈಲಿನೊಳಗೆ ಇಲ್ಲದಿದ್ದರೆ ಪ್ರಿಂಟರ್ ತನ್ನ ಕೊರಿಯರ್ ಹಾಕುತ್ತದೆ. ಆಗ ವಧೂವರರ ಹೆಸರಿನ ಜಾಗದಲ್ಲಿ ಚುಕ್ಕೆ, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಾಲು. ಇದು ಕೋಡ್ ಅಲ್ಲ ಎನ್ನುವುದಕ್ಕೆ ಗುರುತು: ಸಾಲುಗಳು, ಅಂಚು, ಗಣಪತಿ ಚಿತ್ರ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಫೈಲಿನ ತಲೆಭಾಗದಲ್ಲಿ 'ಡಾಕ್ಯುಮೆಂಟ್ ನೀಡೆಡ್ ರಿಸೋರ್ಸಸ್' ಎಂಬ ಸಾಲಿನಲ್ಲಿ ಕನ್ನಡ ಫಾಂಟಿನ ಹೆಸರಿದ್ದರೆ ಅದನ್ನು ಹೊರಗಿನಿಂದ ಕೇಳುತ್ತಿದೆ ಎಂದರ್ಥ. 'ಸಪ್ಲೈಡ್' ಸಾಲಿನಲ್ಲಿ ಇರಬೇಕಿತ್ತು. ಡ್ರೈವರ್‌ನ ಅಡ್ವಾನ್ಸ್ಡ್‌ನಲ್ಲಿ ಟ್ರೂಟೈಪ್ ಫಾಂಟನ್ನು 'ಡೌನ್‌ಲೋಡ್ ಆ್ಯಸ್ ಸಾಫ್ಟ್‌ಫಾಂಟ್' ಮಾಡಿ, ಔಟ್‌ಪುಟ್ ಆಯ್ಕೆಯಲ್ಲಿ ಪೋರ್ಟಬಿಲಿಟಿ ಹಿಡಿದು, ಫಾಂಟ್ ಇರುವ ಕಂಪ್ಯೂಟರ್‌ನಿಂದಲೇ ಫೈಲನ್ನು ಹೊಸದಾಗಿ ತೆಗೆಯಬೇಕು. ಹಳೆಯ ಫೈಲ್ ತಿದ್ದಲು ಕೂರುವುದು ವ್ಯರ್ಥ.

ಅರ್ಧ ಪುಟ ಬಂದು ನಿಂತರೆ ಡ್ರೈವರ್‌ನ ಅಡ್ವಾನ್ಸ್ಡ್‌ನಲ್ಲಿ 'ಎರರ್ ಹ್ಯಾಂಡ್ಲರ್' ಆನ್ ಮಾಡಿ; ಕಾರಣ ಹಾಳಿಯ ಮೇಲೆಯೇ ಬರುತ್ತದೆ. ವಿಎಂಎರರ್ ಎಂದಿದ್ದರೆ ಪ್ರಿಂಟರ್ ಮೆಮೊರಿ ಸಾಲದು, ಫಾಂಟ್‌ಗಳ ಸಂಖ್ಯೆ ಇಳಿಸಿ, ಫೋಟೋಗಳನ್ನು 300 ಡಿಪಿಐಗೆ ತನ್ನಿ. ಲಿಮಿಟ್‌ಚೆಕ್ ಎಂದಿದ್ದರೆ ಹೆಚ್ಚಾಗಿ ಕೋರೆಲ್‌ಡ್ರಾದ ಬಳ್ಳಿ ಅಂಚು, ಸಾವಿರಾರು ನೋಡ್ (ಗೆರೆ ತಿರುಗುವ ಬಿಂದು) ಇರುವ ಒಂದೇ ಗೆರೆ. ಪ್ರಿಂಟ್ ಡೈಲಾಗ್‌ನ ಪೋಸ್ಟ್‌ಸ್ಕ್ರಿಪ್ಟ್ ಟ್ಯಾಬ್‌ನಲ್ಲಿ ಫ್ಲ್ಯಾಟ್‌ನೆಸ್ ಏರಿಸಿದರೆ ದಾಟುತ್ತದೆ. ವಕ್ರರೇಖೆ ತುಸು ಒರಟಾದರೂ ಲೇಸರ್‌ನಲ್ಲಿ ಬರಿಗಣ್ಣಿಗೆ ಅಷ್ಟಾಗಿ ತೋರದು. 'ಅನ್‌ಡಿಫೈನ್ಡ್' ಜೊತೆ ಅರ್ಥವಿಲ್ಲದ ಅಕ್ಷರಗಳಿದ್ದರೆ ಫೈಲ್ ಸಾಗಿಸುವಾಗ ಕೆಟ್ಟಿದೆ. ಎಫ್‌ಟಿಪಿಯಲ್ಲಿ ಆಸ್ಕಿ ಬದಲು ಬೈನರಿ ಮೋಡ್‌ನಲ್ಲಿ ಮತ್ತೆ ತರಿಸಿ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಯಾವ ಕಂಪ್ಯೂಟರ್‌ನಿಂದಲೂ ಪ್ರಿಂಟ್ ಹೋಗುತ್ತಿಲ್ಲ ಎಂದರೆ ಫೈಲನ್ನು ಮುಟ್ಟಬೇಡಿ. ರೌಟರ್ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ, ಕ್ಯೂ ಹಳೆಯದಕ್ಕೇ ಕಳಿಸುತ್ತಿರುತ್ತದೆ. ಪಿಂಗ್ ಉತ್ತರ ಬಂತೆಂದು ನಂಬಬೇಡಿ, ಆ ಹಳೆಯ ವಿಳಾಸ ಈಗ ಯಾರದೋ ಮೊಬೈಲಿನದಾಗಿರಬಹುದು. ಪ್ರಿಂಟರ್‌ನ ಪ್ಯಾನೆಲ್‌ನಿಂದ ಕಾನ್ಫಿಗರೇಶನ್ ಪೇಜ್ ತೆಗೆದು ಅದರಲ್ಲಿನ ಐಪಿ ನೋಡಿ, ಪ್ರಿಂಟರ್‌ನ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತಿನ ಸಂಖ್ಯೆ) ಹಾಕಿ ರೌಟರ್‌ನಲ್ಲಿ ಆ ಐಪಿಯನ್ನು ಕಾಯಂ ಮಾಡಿ. ಕಪ್ಸ್ ಕ್ಯೂ ನಿಂತಿದೆಯೇ ಎಂದು ಎಲ್‌ಪಿಸ್ಟ್ಯಾಟ್ ಕಮಾಂಡ್‌ನಿಂದ ತಿಳಿಯುತ್ತದೆ, ನಿಂತಿದ್ದರೆ ಕಪ್ಸ್‌ಎನೇಬಲ್ ಕಮಾಂಡ್ ಕೊಡಿ.

ಎಲ್ಲ ಸರಿಯಿದ್ದೂ ಪ್ರಿಂಟರ್ ಕಾಗದ ಕೇಳುತ್ತಾ ಕೂತಿದ್ದರೆ ಫೈಲ್ ಲೆಟರ್ ಅಳತೆಯದು, ಅಂದರೆ 612 ಗುಣಿಸು 792 ಪಾಯಿಂಟ್. ಟ್ರೇಯಲ್ಲಿರುವ ಎ4 595 ಗುಣಿಸು 842. ಡ್ರೈವರ್‌ನಲ್ಲಿ, ಕ್ಯೂನಲ್ಲಿ, ಪೇಜ್‌ಮೇಕರ್‌ನಲ್ಲಿ, ಮೂರೂ ಕಡೆ ಎ4 ಮಾಡಿ.